ಭಾನುವಾರ ಯಾರದು?

ಓದುಗರ ಪತ್ರ:

ಮಾನ್ಯ ಸಂಪಾದಕರೇ, ನಾನು ಮೈಸೂರಿನ ಒಂದು ಮಾಲ್‌ನ ಸಿದ್ಧ ಉಡುಪಿನ ಮಳಿಗೆಯಲ್ಲಿ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಾವು ಒಟ್ಟು ಹದಿನಾಲ್ಕು ಜನ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂ. ಅಂತಿಮ ವರ್ಷದಲ್ಲಿದ್ದೇನೆ. ಸಂಪರ್ಕ ತರಗತಿಗಳು ಭಾನುವಾರ ನಡೆಯುತ್ತವೆ. ಕೆಲಸಕ್ಕೆ ಸೇರುವಾಗಲೇ ಇದನ್ನು ಹೇಳಿದ್ದೆ. ಆಗಿನ ಮ್ಯಾನೇಜರ್ "ಆಗಲಿ ಬಿಡಮ್ಮ, ನೋಡಿಕೊಳ್ಳೋಣ" ಎಂದಿದ್ದರು, ನೋಡಿಕೊಂಡರು ಕೂಡ. ಈಗ ಬಂದಿರುವವರು "ಎಲ್ಲರಿಗೂ ಒಂದೇ ನಿಯಮ, ಭಾನುವಾರ ಯಾರಿಗೂ ರಜೆ ಇಲ್ಲ" ಎನ್ನುತ್ತಾರೆ. ನಾಳೆಯ ಪಾಳಿ ಯಾವುದೆಂದು ಹಿಂದಿನ ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗುಂಪಿನಲ್ಲಿ ತಿಳಿಯುತ್ತದೆ. ವಾರದ ರಜೆ ಒಮ್ಮೆ ಮಂಗಳವಾರ, ಒಮ್ಮೆ ಗುರುವಾರ. ಎರಡು ತರಗತಿ ತಪ್ಪಿದವು. ಮೂರನೆಯದಕ್ಕೆ ಹೋದದ್ದಕ್ಕೆ ಸಂಬಳ ಹಿಡಿದರು. ಎಲ್ಲಕ್ಕಿಂತ ಹೆಚ್ಚು ನೋವಾದದ್ದು ನಮ್ಮಲ್ಲೇ ಹಿರಿಯರಾದ ಒಬ್ಬ ಅಕ್ಕನ ಮಾತಿನಿಂದ. "ನಿನಗೆ ಪುಸ್ತಕ ಇದ್ದ ಹಾಗೆ ನನಗೆ ಮಗು ಇದೆ. ಇಷ್ಟು ದಿನ ನಿನ್ನ ಭಾನುವಾರದ ಕೆಲಸ ಮಾಡಿದ್ದು ನಾನೇ" ಎಂದರು. ನಾನು ಸ್ವಾರ್ಥಿಯೇ? ಕೆಲಸ ಬಿಟ್ಟುಬಿಡಲೇ?

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

"ನಾನು ಸ್ವಾರ್ಥಿಯೇ" ಎಂಬ ಮಾತಿನ ಕೆಳಗೆ ನೀವು ಎರಡು ಗೆರೆ ಎಳೆದಿದ್ದೀರಿ. ಆದ್ದರಿಂದ ಮೊದಲು ಅದಕ್ಕೇ ಉತ್ತರ: ಖಂಡಿತ ಅಲ್ಲ. ಸೇರುವ ದಿನವೇ ನಿಮ್ಮ ತೊಡಕು ಹೇಳಿಕೊಂಡು ಸೇರಿದವರು ನೀವು. ಹಗಲೆಲ್ಲ ನಿಂತು ಬಟ್ಟೆ ಮಡಿಸಿ, ರಾತ್ರಿ ಲೆಕ್ಕಶಾಸ್ತ್ರ ಓದುವ ಹುಡುಗಿಗೆ ಆ ಪದ ಹೊಂದುವುದಿಲ್ಲ. ಕೆಲಸ ಬಿಡುವ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಇನ್ನು ನಿಮಗೆ ಹಿಡಿಸದ ಒಂದು ಮಾತು. ಭಾನುವಾರವೇ ರಜೆ ಬೇಕು ಎಂದು ಕೇಳುವ ಹಕ್ಕನ್ನು ನಮ್ಮ ಕಾನೂನು ನಿಮಗೆ ಕೊಟ್ಟಿಲ್ಲ. ನಿಮ್ಮಂಥವರ ಕೆಲಸಕ್ಕೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಬೇಕು, ಆ ರಜೆಗಾಗಿ ಸಂಬಳ ಕಡಿಯಬಾರದು ಎಂದು ಅದು ಹೇಳುತ್ತದೆ. ಯಾವ ದಿನ ಎಂಬುದನ್ನು ನಿಮ್ಮ ಆಯ್ಕೆಗೆ ಬಿಟ್ಟಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ತುಂಬಿದರೆ, ನಾಳೆ ಮ್ಯಾನೇಜರ್ ಎದುರು ನಿಂತಾಗ ನಿಮ್ಮ ಕಾಲ ಕೆಳಗಿನ ನೆಲ ಕುಸಿಯುತ್ತದೆ.

ಆದರೆ ಅದೇ ಕಾಯ್ದೆಯಲ್ಲಿ ನಿಮ್ಮ ಕೈಗೆ ಸಿಗುವ ಬೇರೆ ಹಿಡಿಗಳಿವೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಅದನ್ನು ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ. ಎಡೆಬಿಡದೆ 5 ಗಂಟೆಗಿಂತ ಹೆಚ್ಚು ದುಡಿಸದೆ, ನಡುವೆ ಒಂದು ಗಂಟೆ ಬಿಡುವು. ಆ ಬಿಡುವೂ ಸೇರಿ ಬೆಳಗಿನಿಂದ ರಾತ್ರಿಯವರೆಗಿನ ಹರವು 12 ಗಂಟೆ ದಾಟುವಂತಿಲ್ಲ. ಬೆಳಿಗ್ಗೆ ನಾಲ್ಕು ಗಂಟೆ ಕಾಲ, ಸಂಜೆ ಐದು ಗಂಟೆ ಕಾಲ ದುಡಿಮೆ ಎಂದು ದಿನವನ್ನು ಸೀಳಿ ಮಧ್ಯಾಹ್ನ ಬೀದಿಗೆ ಬಿಡುವ ಮಳಿಗೆಗಳು ಈ ಕೊನೆಯ ಮಿತಿಯನ್ನು ನೆನಪಿಟ್ಟುಕೊಳ್ಳಬೇಕು. ನೇಮಕಾತಿ ಆದೇಶವನ್ನು ಬರಹದಲ್ಲಿ ಕೊಡಬೇಕೆಂಬುದೂ ಕಾಯ್ದೆಯಲ್ಲೇ ಇದೆ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಇದ್ದರೆ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಕೇಳಿ ಪಡೆಯಿರಿ.

ನಿಮ್ಮ ಮಾಲ್‌ಗೆ ಹತ್ತಿರದ ಸಂಗತಿ ಇನ್ನೊಂದಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ವರ್ಷದ ಎಲ್ಲ ದಿನ, ದಿನದ 24 ಗಂಟೆಯೂ ತೆರೆದಿರಬಹುದು ಎಂದು ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಮೂರು ವರ್ಷದ ಮಟ್ಟಿಗೆ ಕೊಟ್ಟ ಆ ಅನುಮತಿಯನ್ನು 2024ರಲ್ಲಿ ಮುಂದುವರಿಸಲಾಯಿತು. ಪತ್ರಿಕೆಗಳ ತಲೆಬರಹದಲ್ಲಿ ಬಂದದ್ದು ಅನುಮತಿ ಮಾತ್ರ. ಅದರ ಹಿಂದಿದ್ದ ಷರತ್ತುಗಳು ಕೆಲಸಗಾರರವರೆಗೆ ತಲುಪಲೇ ಇಲ್ಲ ಎಂಬ ಕೊರಗು ನನಗಿದೆ. ಸರದಿಯ ಮೇಲೆ ಪ್ರತಿಯೊಬ್ಬರಿಗೂ ವಾರಕ್ಕೊಂದು ರಜೆ ಕೊಡಬೇಕು. ಯಾರು ಯಾರು ಆ ದಿನ ರಜೆಯಲ್ಲಿದ್ದಾರೆ ಎಂಬ ವಿವರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರತಿದಿನ ಹಾಕಬೇಕು. ಹೆಣ್ಣುಮಕ್ಕಳನ್ನು ರಾತ್ರಿ 8ರ ನಂತರ ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಇರಬೇಕು, ಮನೆ ತಲುಪಲು ವಾಹನದ ಏರ್ಪಾಡು ಇರಬೇಕು. ನೀವು ರಾತ್ರಿ ಎಷ್ಟು ಹೊತ್ತಿಗೆ ಹೊರಡುತ್ತೀರಿ, ಹೇಗೆ ಮನೆ ಸೇರುತ್ತೀರಿ ಎಂದು ಪತ್ರದಲ್ಲಿ ಬರೆದಿಲ್ಲ. ಆದರೂ ನಿಮ್ಮನ್ನು ಕೇಳುತ್ತೇನೆ: ಅಂಥ ಒಪ್ಪಿಗೆಪತ್ರಕ್ಕೆ ಎಂದಾದರೂ ಸಹಿ ಹಾಕಿದ್ದೀರಾ?

ಇಷ್ಟೆಲ್ಲ ಇದ್ದೂ ಕಾನೂನಿನಲ್ಲಿ ಒಂದು ಕಿಂಡಿ ಉಳಿದಿದೆ, ನೀವು ಬಿದ್ದಿರುವುದು ಅದರೊಳಗೆ. ಎಷ್ಟು ಗಂಟೆ ದುಡಿಸಬಹುದು ಎಂದು ಅದು ಎಣಿಸುತ್ತದೆ. ನಾಳೆ ಯಾವ ಹೊತ್ತಿಗೆ ಬರಬೇಕು ಎಂಬುದನ್ನು ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಎಣಿಸುವುದಿಲ್ಲ. 2025ರಲ್ಲಿ ದಿನದ ದುಡಿಮೆಯನ್ನು 10 ಗಂಟೆಗೆ ಏರಿಸುವ ಪ್ರಸ್ತಾವ ಬಂದು ಕಾರ್ಮಿಕ ಸಂಘಗಳು ವಿರೋಧಿಸಿದವಲ್ಲ, ಆಗಲೂ ನಾನು ಓದಿದ್ದೆಲ್ಲ ಗಂಟೆಗಳ ಲೆಕ್ಕವೇ. ಅಮೆರಿಕದ ಆರೆಗನ್ ರಾಜ್ಯ 2017ರಲ್ಲಿ ಒಂದು ಕಾನೂನು ಮಾಡಿತು. ದೊಡ್ಡ ಚಿಲ್ಲರೆ ಮಾರಾಟ ಕಂಪನಿಗಳು ಕೆಲಸದ ಪಟ್ಟಿಯನ್ನು ಮೊದಲೇ ಕೊಡಬೇಕು. ಕೊಟ್ಟ ಮೇಲೆ ಬದಲಿಸಿದರೆ ಅದಕ್ಕೆ ಪರಿಹಾರ ತೆರಬೇಕು. ಮೊದಲು ಏಳು ದಿನ ಇದ್ದ ಆ ಗಡುವು ಈಗ ಹದಿನಾಲ್ಕು ದಿನ. ಅಲ್ಲಿ ಮಾಲ್‌ಗಳು ಮುಚ್ಚಿಹೋಗಲಿಲ್ಲ.

ನನ್ನ ತಂದೆ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ದೀಪಾವಳಿಯ ಹಿಂದಿನ ಹದಿನೈದು ದಿನ ನಾವು ಮಕ್ಕಳು ಅವರ ಮುಖ ಕಾಣುತ್ತಿರಲಿಲ್ಲ. ನಾವು ಏಳುವ ಮೊದಲೇ ಹೊರಟು, ಮಲಗಿದ ಮೇಲೆ ಬರುತ್ತಿದ್ದರು. ಸಂಬಳ ಕಡಿಮೆ, ಕಾಲು ನೋವು ಹೆಚ್ಚು. ಆದರೆ ಮಂಗಳವಾರ ಅಂಗಡಿ ಬಾಗಿಲು ಹಾಕುತ್ತಿತ್ತು. ಅಮ್ಮ ಆಸ್ಪತ್ರೆಗೆ ಹೋಗುವುದಿದ್ದರೆ ಮಂಗಳವಾರ, ಅಜ್ಜನನ್ನು ನೋಡಲು ಹಳ್ಳಿಗೆ ಹೋಗುವುದಿದ್ದರೆ ಮಂಗಳವಾರ. ನಮ್ಮ ಮನೆಯ ಬದುಕು ನಿಂತಿದ್ದೇ ಆ ಒಂದು ದಿನದ ಮೇಲೆ. ಬೆಂಗಳೂರಿನ ಚಿಕ್ಕಪೇಟೆಯ ಜವಳಿ ಸಾಲಿನಲ್ಲಿ ಇಂದಿಗೂ ಹೆಚ್ಚಿನ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ. ಹಳೆಯ ಪೇಟೆಯ ದುಡಿಮೆ ಸುಖದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ, ಅದರ ಕಷ್ಟ ಕಣ್ಣಾರೆ ಕಂಡವನು ನಾನು. ಯಾವ ದಿನ ತನ್ನದು ಎಂದು ಮೊದಲೇ ತಿಳಿದಿರುವುದು ಕೂಡ ಸಂಬಳದ ಒಂದು ಭಾಗ ಎಂದಷ್ಟೇ ಹೇಳುತ್ತಿದ್ದೇನೆ. ನಿಮ್ಮಿಂದ ಆ ಭಾಗವನ್ನು ಕಿತ್ತುಕೊಂಡಿದ್ದಾರೆ.

ವ್ಯಾಪಾರ ಏರಿಳಿಯುತ್ತದೆ, ಪಟ್ಟಿಯನ್ನು ಮೊದಲೇ ಮಾಡಲಾಗದು ಎಂದು ಮ್ಯಾನೇಜರ್ ಹೇಳುತ್ತಾರೆ. ಭಾನುವಾರ ಮಾಲ್ ತುಂಬುತ್ತದೆ ಎಂಬುದು ನಿಜ, ಆ ದಿನ ಕೈಗಳು ಹೆಚ್ಚು ಬೇಕೆಂಬುದೂ ನಿಜ. ಆದರೆ ಭಾನುವಾರ ಹೇಳದೆ ಕೇಳದೆ ಬರುವ ಅತಿಥಿಯಲ್ಲ. ಆಷಾಢದ ರಿಯಾಯಿತಿ ಮಾರಾಟ, ಗೌರಿ ಹಬ್ಬ, ದಸರಾ, ದೀಪಾವಳಿ ಎಲ್ಲವೂ ಯುಗಾದಿಗೆ ಮನೆಗೆ ತರುವ ಪಂಚಾಂಗದಲ್ಲಿ ಅಚ್ಚಾಗಿರುತ್ತವೆ. ಮೈಸೂರಿನಲ್ಲಿ ದಸರಾ ಜನಸಂದಣಿ ಯಾವ ವಾರ ಎಂಬುದನ್ನು ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರಿಯಾಯಿತಿಯ ಫಲಕ ವಾರಗಳ ಮೊದಲೇ ಮುದ್ರಣಕ್ಕೆ ಹೋಗುತ್ತದೆ, ಹದಿನಾಲ್ಕು ಜನರ ಹೆಸರಿನ ಪಟ್ಟಿ ಮಾತ್ರ ಹಿಂದಿನ ರಾತ್ರಿ ಹತ್ತಕ್ಕೆ ಏಕೆ? ಯಾರಾದರೂ ಕೆಲಸ ಬಿಟ್ಟರೆ ಆ ಜಾಗ ತುಂಬದೆ ಇರುವವರಲ್ಲೇ ಎಳೆದಾಡುವುದರಿಂದ. ಕೊನೆಯ ಗಳಿಗೆಯವರೆಗೂ ಎಲ್ಲರೂ ಖಾಲಿ ಇದ್ದರೆ ಅಂಗಡಿಗೆ ಅನುಕೂಲ ಎಂಬುದರಿಂದ. ಆ ಅನುಕೂಲದ ಬೆಲೆಯನ್ನು ತೆರುತ್ತಿರುವವರು ನೀವು ಮತ್ತು ಆ ಅಕ್ಕ. ಮ್ಯಾನೇಜರ್ ಕೂಡ ಸಂಬಳದವರೇ ಎಂಬುದನ್ನು ಮರೆಯಬೇಡಿ. ಮಾರಾಟದ ಗುರಿಯನ್ನು ಅವರಿಗೆ ಮೇಲಿನವರು ಕೊಡುತ್ತಾರೆ. ಅದಕ್ಕೆ ಬೇಕಾದ ಜನರನ್ನು ಕೊಡುವುದಿಲ್ಲ.

ಅಕ್ಕನ ಮಾತಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅದೇ. ಅವರು ಹೇಳಿದ್ದು ಸುಳ್ಳಲ್ಲ. ಹಿಂದಿನ ಮ್ಯಾನೇಜರ್ ನಿಮಗೆ ಕೊಟ್ಟ ಭಾನುವಾರ ಆಕಾಶದಿಂದ ಇಳಿಯಲಿಲ್ಲ, ಬೇರೊಬ್ಬರ ಮನೆಯಿಂದ ಬಂತು. ಅವರ ಮಗುವಿಗೆ ಶಾಲೆ ಇಲ್ಲದ ದಿನ ಅದೊಂದೇ. ನಿಮಗೆ "ಆಗಲಿ ಬಿಡಮ್ಮ" ಎಂದವರು ಅವರನ್ನು ಒಂದು ಮಾತು ಕೇಳಿರಲಿಕ್ಕಿಲ್ಲ. ನಿಮಗೆ ಸಿಕ್ಕ ದಯೆಯನ್ನು ಅವರ ಲೆಕ್ಕಕ್ಕೆ ಬರೆದುಬಿಟ್ಟರು. ಹೀಗೆ ಕೊಟ್ಟದ್ದು ಇನ್ನೊಬ್ಬ ಮ್ಯಾನೇಜರ್ ಬಂದ ದಿನ ಮಾಯವಾಗುತ್ತದೆ, ಉಳಿಯುವುದು ಇಬ್ಬರು ಹೆಣ್ಣುಮಕ್ಕಳ ನಡುವಿನ ಕಹಿ. ಆದ್ದರಿಂದ ನೀವು ಮೊದಲು ಹೋಗಬೇಕಾದದ್ದು ಮ್ಯಾನೇಜರ್ ಕೋಣೆಗಲ್ಲ, ಆ ಅಕ್ಕನ ಬಳಿಗೆ. ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು, ಇಷ್ಟು ದಿನ ನನ್ನ ಪಾಲಿನ ಭಾನುವಾರಗಳನ್ನು ನೀವು ಹೊತ್ತದ್ದು ನನಗೆ ತಿಳಿದಿರಲಿಲ್ಲ ಎಂದು ಹೇಳಿ. ಬಳಿಕ ನಿಮ್ಮ ತರಗತಿಗಳ ದಿನಾಂಕದ ಪಟ್ಟಿಯನ್ನು ಅವರ ಮುಂದೆ ಇಡಿ.

ಆ ಪಟ್ಟಿಯನ್ನು ನೀವು ಎಣಿಸಿದ್ದೀರಾ? ವರ್ಷದ ಎಲ್ಲ ಭಾನುವಾರವೂ ತರಗತಿ ಇರುವುದಿಲ್ಲ. "ಭಾನುವಾರ ಬೇಕು" ಎಂದರೆ ಕೇಳುವವರಿಗೆ ಐವತ್ತೆರಡು ಎಂದು ಕೇಳಿಸುತ್ತದೆ. ದಿನಾಂಕ ಬರೆದು ಇಷ್ಟು ದಿನ ಸಾಕು ಎಂದರೆ ಮಾತಿನ ತೂಕವೇ ಬೇರೆ. ತರಗತಿ ಇಲ್ಲದ ಭಾನುವಾರಗಳಲ್ಲಿ ನೀವು ಕೆಲಸಕ್ಕೆ ನಿಲ್ಲಿ, ಅಕ್ಕ ಮನೆಯಲ್ಲಿರಲಿ. ನೀವಿಬ್ಬರೂ ಇದನ್ನು ಮೊದಲು ಹೊಂದಿಸಿಕೊಂಡರೆ, "ನಿನಗೆ ಕೊಟ್ಟರೆ ಅವರು ಕೇಳುತ್ತಾರೆ" ಎಂಬ ಉತ್ತರ ಮ್ಯಾನೇಜರ್ ಬಾಯಿಂದ ಹೊರಡಲಾರದು.

ಕೇರಳದ ಕೋಯಿಕ್ಕೋಡಿನ ಜವಳಿ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ದಿನವಿಡೀ ಕುಳಿತುಕೊಳ್ಳಲು ಅವಕಾಶ ಇರಲಿಲ್ಲ. ಹೊಲಿಗೆ ಕೆಲಸದಿಂದ ಬಂದ ಪಿ. ವಿಜಿ ಮತ್ತು ಅವರ ಜೊತೆಗಾರ್ತಿಯರು ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ದನಿ ಎತ್ತಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿತು, 2021ರಲ್ಲಿ ತಮಿಳುನಾಡು ಕೂಡ. ಒಂದು ಸ್ಟೂಲಿಗಾಗಿ ಅಷ್ಟು ವರ್ಷ ಬೇಕಾಯಿತು ಎಂದು ನನಗೆ ಸಂಕಟವಾಗುತ್ತದೆ. ಆದರೆ ಅವರು ಸ್ಟೂಲ್ ಕೇಳಿದ್ದು ಎಲ್ಲರಿಗೂ ಸೇರಿ, ಅದನ್ನು ಗಮನಿಸಿ.

ಈಗ ಪತ್ರ. ಬಾಯಿಮಾತು ಸಾಲದು, ಬರೆದು ಕೊಡಿ. ಉದ್ದ ಬೇಡ. "ಸೇರುವಾಗ ನಾನು ತಿಳಿಸಿದ್ದಂತೆ ಈ ಕೆಳಗಿನ ಭಾನುವಾರಗಳಂದು ನನಗೆ ಸಂಪರ್ಕ ತರಗತಿ ಇರುತ್ತದೆ. ಆ ವಾರಗಳಲ್ಲಿ ನನ್ನ ವಾರದ ರಜೆಯನ್ನು ಭಾನುವಾರಕ್ಕೆ ನಿಗದಿಪಡಿಸಬೇಕೆಂದು ಕೋರುತ್ತೇನೆ. ಉಳಿದ ಭಾನುವಾರಗಳಂದು ಕೆಲಸಕ್ಕೆ ಹಾಜರಿರುತ್ತೇನೆ. ಪಾಳಿ ಪಟ್ಟಿಯನ್ನು ಒಂದು ವಾರ ಮೊದಲು ನೀಡಿದರೆ ನಮಗೆಲ್ಲರಿಗೂ ಅನುಕೂಲ." ಇಷ್ಟು ಸಾಕು. ತರಗತಿಯ ವೇಳಾಪಟ್ಟಿ, ವಿದ್ಯಾರ್ಥಿ ಗುರುತಿನ ಚೀಟಿಯ ನಕಲು ಜೊತೆಗಿರಲಿ. ಗಮನಿಸಿ, ಇಲ್ಲಿ ನೀವು ಹೆಚ್ಚಿನ ರಜೆ ಕೇಳುತ್ತಿಲ್ಲ. ಹೇಗೂ ಕೊಡಲೇಬೇಕಾದ ಒಂದು ದಿನವನ್ನು ಕೆಲವು ವಾರ ಭಾನುವಾರಕ್ಕೆ ಸರಿಸಿ ಎನ್ನುತ್ತಿದ್ದೀರಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕರಿಸಿದ ಸಹಿ, ದಿನಾಂಕ ಪಡೆಯಿರಿ. ಸಹಿ ಹಾಕದಿದ್ದರೆ ಅದೇ ಪತ್ರವನ್ನು ಇಮೇಲ್ ಮಾಡಿ. ರಾತ್ರಿ ಹತ್ತಕ್ಕೆ ಬರುವ ವಾಟ್ಸಾಪ್ ಪಟ್ಟಿಗಳನ್ನೆಲ್ಲ ಸಮಯ ಕಾಣುವಂತೆ ತೆಗೆದಿಡಿ. ನೀವು ಬಂದ ಹೊತ್ತು, ಹೊರಟ ಹೊತ್ತನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಮೂರನೆಯ ತರಗತಿಗೆ ಹೋದದ್ದಕ್ಕೆ ಸಂಬಳ ಹಿಡಿದರಲ್ಲ, ಅದೇ ವಾರ ನಿಮಗೆ ಬೇರೆ ರಜೆ ಸಿಕ್ಕಿತ್ತೇ ನೋಡಿ. ಸಿಕ್ಕಿರದಿದ್ದರೆ ಅದು ನಿಮ್ಮ ವಾರದ ರಜೆಗೇ ಕತ್ತರಿ ಹಾಕಿದಂತೆ. ಆ ನೋಟ್‌ಪುಸ್ತಕದೊಂದಿಗೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಬಹುದು. ಒಬ್ಬರೇ ಹೋಗಬೇಡಿ.

ಕೆಲಸ ಬಿಡಲೇ ಎಂದು ಕೇಳಿದ್ದೀರಿ. ಈಗ ಬೇಡ. ಅಂತಿಮ ವರ್ಷದ ಪರೀಕ್ಷೆಗೆ ಮೊದಲು ಮನೆಯ ಆದಾಯ ನಿಲ್ಲಿಸಿಕೊಳ್ಳಬೇಡಿ. ಆರು ತಿಂಗಳಿಗಿಂತ ಹೆಚ್ಚು ಕಾಲ ಸತತ ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ಮುನ್ಸೂಚನೆ ಅಥವಾ ಅಷ್ಟು ಸಂಬಳವಿಲ್ಲದೆ ತೆಗೆದುಹಾಕುವಂತಿಲ್ಲ. ನಿಮ್ಮದು ಎರಡು ವರ್ಷದ ಸೇವೆ. ಈ ರಕ್ಷಣೆ ತೆಗೆದುಹಾಕಲ್ಪಟ್ಟವರಿಗೆ ಮಾತ್ರ, ತಾವಾಗಿ ಬಿಟ್ಟವರಿಗೆ ಅಲ್ಲ. ಅದಕ್ಕೇ ಜಗಳದ ಬಿಸಿಯಲ್ಲಿ "ರಾಜೀನಾಮೆ ಬರೆದುಕೊಡು" ಎಂಬ ಮಾತು ಬರುತ್ತದೆ. ಆಗ "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಹೊರಗೆ ಬನ್ನಿ. ಪರೀಕ್ಷೆ ಮುಗಿದ ಮೇಲೆ ಬೇರೆ ಕೆಲಸ ಹುಡುಕುವುದಾದರೆ ನನ್ನ ಪೂರ್ಣ ಒಪ್ಪಿಗೆ ಇದೆ.

ಪತ್ರ ಬರೆದಾಗ ಅದನ್ನು ಮೊದಲು ಅಕ್ಕನಿಗೆ ತೋರಿಸಿ. ಅವರ ಮಗುವಿನ ಶಾಲಾ ವಾರ್ಷಿಕೋತ್ಸವ ಯಾವ ದಿನ ಎಂದು ಕೇಳಿ, ಆ ದಿನಾಂಕವನ್ನೂ ಅದೇ ಹಾಳೆಯಲ್ಲಿ ಸೇರಿಸಿ, ಇಬ್ಬರೂ ಸಹಿ ಮಾಡಿ.

ವಿಶ್ವಾಸದಿಂದ,
ಸಂಪಾದಕ