ಗಾಯ ಮುಚ್ಚಿದೆ, ಆದರೆ ನವೆ ನಿಂತಿಲ್ಲ

ಪ್ರಶ್ನೆ: ಮೂರು ವಾರದ ಹಿಂದೆ ಗಾಜು ತಗುಲಿ ಮೊಣಕಾಲಿನ ಕೆಳಗೆ ಆಳವಾದ ಗಾಯವಾಯಿತು. ಹೊಲಿಗೆ ಬಿಚ್ಚಿ ಒಂದು ವಾರವಾಗಿದೆ. ಗಾಯ ಪೂರ್ತಿ ಮುಚ್ಚಿದೆ. ಕೀವಿಲ್ಲ, ನೋವಿಲ್ಲ. ಆದರೆ ಆ ಜಾಗ ಕೆಂಪಗಿದೆ, ಗಟ್ಟಿಯಾಗಿ ಸ್ವಲ್ಪ ಉಬ್ಬಿದೆ. ಜೊತೆಗೆ ನವೆ ಬೇರೆ. ಒಳಗೆ ಏನಾದರೂ ಕೆಟ್ಟಿದೆಯಾ? ಫುಟ್‌ಬಾಲ್ ಆಡಬಹುದಾ?

ಉತ್ತರ: ನೀವು ಬರೆದದ್ದನ್ನು ನೋಡಿದರೆ ಕೆಟ್ಟ ಲಕ್ಷಣ ಯಾವುದೂ ಕಾಣುವುದಿಲ್ಲ. ಕೆಂಪು, ಗಟ್ಟಿತನ, ನವೆ ಈ ಹೊತ್ತಿಗೆ ಇರುವಂಥವೇ. ಆದರೆ ಆಟಕ್ಕೆ ಅವಸರ ಬೇಡ.

ಪೆಟ್ಟಾದ ಕೆಲವೇ ನಿಮಿಷಗಳಲ್ಲಿ ಪ್ಲೇಟ್‌ಲೆಟ್‌ಗಳು ಒಟ್ಟುಗೂಡಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಮೊದಲ ದಿನಗಳ ಊತ, ಬಿಸಿ ಇದರಿಂದಲೇ ಬರುತ್ತವೆ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದರ ನಂತರದ ಹಂತದಲ್ಲಿ. ನಾಲ್ಕೈದು ದಿನ ಕಳೆದ ಮೇಲೆ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ತಯಾರಿಸತೊಡಗುತ್ತವೆ. ಅವುಗಳಿಗೆ ಆಮ್ಲಜನಕ ಬೇಕಲ್ಲ, ಅದಕ್ಕಾಗಿ ಹೊಸ ರಕ್ತನಾಳಗಳು ಚಿಗುರುತ್ತವೆ. ಕೆಂಪು ಬಣ್ಣ ಅವುಗಳದ್ದು. ಮೊದಲು ಬರುವ ಎಳೆಗಳು ತೆಳು, ಅಡ್ಡಾದಿಡ್ಡಿ. ಅವು ಜಾಸ್ತಿಯೇ ತುಂಬಿಕೊಳ್ಳುವುದರಿಂದ ಜಾಗ ಗಟ್ಟಿಯಾಗುತ್ತದೆ. ಮುಂದೆ ದೇಹವೇ ಅವನ್ನು ಕರಗಿಸಿ, ಚರ್ಮ ಎಳೆದಾಡುವ ದಿಕ್ಕಿಗೆ ದಪ್ಪ ಎಳೆಗಳನ್ನು ಜೋಡಿಸುತ್ತದೆ. ಇದು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ನಡೆಯುವ ಕೆಲಸ.

ಮೂರನೇ ವಾರದಲ್ಲಿ ಆ ಜಾಗಕ್ಕೆ ಇರುವುದು ಮೊದಲಿನ ಚರ್ಮದ ಬಲದಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ. ಕೊನೆಗೂ ಅದು ಶೇ 80ರ ಆಸುಪಾಸಿಗೆ ನಿಲ್ಲುತ್ತದೆ. ಹೊರಗೆ ಮುಚ್ಚಿದ್ದನ್ನು ನೋಡಿ ಗಾಯ ವಾಸಿಯಾಯಿತು ಅಂದುಕೊಳ್ಳುವುದು ಸಹಜ. ಆದರೆ ಈಗ ಅಲ್ಲಿಗೆ ಜೋರಾಗಿ ಒದೆ ಬಿದ್ದರೆ ಮತ್ತೆ ಬಿರಿಯಬಹುದು.

ಹಳೆಯ ಗಾಯದ ಕಲೆಯಲ್ಲೂ ಕೊಲಾಜೆನ್ ಎಳೆ ಕರಗಿಸಿ ಹೊಸದು ಜೋಡಿಸುವ ಈ ಕೆಲಸ ಪೂರ್ತಿ ನಿಲ್ಲುವುದಿಲ್ಲ. ನನ್ನನ್ನು ಈಗಲೂ ಬೆರಗುಗೊಳಿಸುವ ಒಂದು ಸಂಗತಿ ಇದೆ. 1740ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಜಾರ್ಜ್ ಆನ್ಸನ್ ಅವರ ಹಡಗುಗಳಲ್ಲಿ ನಾವಿಕರಿಗೆ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಬಂತು. ಅವರಲ್ಲೊಬ್ಬನಿಗೆ 1690ರ ಯುದ್ಧದಲ್ಲಿ ಆಗಿದ್ದ ಗಾಯ, ಸುಮಾರು 50 ವರ್ಷ ಮುಚ್ಚಿಕೊಂಡಿದ್ದದ್ದು, ಮತ್ತೆ ಬಾಯಿ ತೆರೆಯಿತು! ವಿಟಮಿನ್ ಸಿ ಇಲ್ಲದೆ ಗಟ್ಟಿ ಕೊಲಾಜೆನ್ ತಯಾರಾಗುವುದಿಲ್ಲ. ಹಳೆಯ ಎಳೆ ಸವೆಯುತ್ತಿತ್ತು, ಅದರ ಜಾಗಕ್ಕೆ ಹೊಸದು ಬರಲಿಲ್ಲ. ಹಾಗಾಗಿ ಹಣ್ಣು, ತರಕಾರಿ, ಪ್ರೋಟೀನ್ ಬಿಡಬೇಡಿ. ಸಿಗರೇಟು ಸೇದುವವರಾದರೆ ದಯವಿಟ್ಟು ನಿಲ್ಲಿಸಿ. ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಆಮ್ಲಜನಕ ಸಿಗದ ಹಾಗೆ ಮಾಡುತ್ತದೆ.

ನವೆಗೆ ಸುಮ್ನೆ ಕೆರೆಯಬೇಡಿ, ಹೊಸ ಚರ್ಮ ಕಿತ್ತು ಬರುತ್ತದೆ. ವ್ಯಾಸಲೀನ್ ತೆಳುವಾಗಿ ಹಚ್ಚಿ. ಬಿಸಿಲು ಬಿದ್ದರೆ ಕಲೆ ಕಪ್ಪಾಗುತ್ತದೆ, ಬಟ್ಟೆ ಮುಚ್ಚಿಕೊಳ್ಳಿ. ನಡೆಯುವುದಕ್ಕೆ ತೊಂದರೆ ಇಲ್ಲ. ಫುಟ್‌ಬಾಲ್ ಮಾತ್ರ ಹೊಲಿಗೆ ಹಾಕಿದ ವೈದ್ಯರು ಒಮ್ಮೆ ನೋಡಿ ಹೂಂ ಅಂದ ಮೇಲೆ. ಕೆಂಪು ಸುತ್ತಲೂ ಹರಡಿದರೆ, ಕೀವು ಕಂಡರೆ, ನೋವು ಹೆಚ್ಚುತ್ತಾ ಹೋದರೆ ಅಥವಾ ಜ್ವರ ಬಂದರೆ ಅದೇ ದಿನ ತೋರಿಸಿ.