ಬಸುರಿಯ ಪ್ರಯಾಣದ ಬುತ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೀಗ ಏಳು ತಿಂಗಳು. ಕುಬುಸಕ್ಕೆ ಬೆಂಗಳೂರಿನಿಂದ ಹುಬ್ಬಳ್ಳಿಯ ತವರಿಗೆ ಹಗಲು ರೈಲಿನಲ್ಲಿ ಹೊರಟಿದ್ದೇನೆ. ಅತ್ತೆಯವರು ಬೆಳಿಗ್ಗೆ ಐದಕ್ಕೆ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿಕೊಡುತ್ತಾರಂತೆ. ಮಧ್ಯಾಹ್ನದವರೆಗೆ ಇಟ್ಟುಕೊಂಡು ಉಣ್ಣಬಹುದೇ?

ಉತ್ತರ: ಚಿತ್ರಾನ್ನವನ್ನು ಮಧ್ಯಾಹ್ನಕ್ಕೆ ಉಳಿಸಬೇಡಿ. ರೈಲು ಹತ್ತಿದ ಕೂಡಲೇ, ಏಳು ಗಂಟೆಯೊಳಗೆ, ಅದನ್ನೇ ತಿಂಡಿ ಮಾಡಿ ಮುಗಿಸಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಕುಕ್ಕರಿನ ಬಿಸಿಗೂ ಅವು ಪೂರ್ತಿ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದರೆ ಅವು ಮತ್ತೆ ಚಿಗುರಿ ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ್ದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ನಿಂಬೆಹುಳಿ, ಹುಣಸೆಹುಳಿ ಸ್ವಲ್ಪ ತಡೆಯುತ್ತವೆ ನಿಜ, ಆದರೆ ಬಸುರಿಗೆ ಆ ಭರವಸೆ ಸಾಲದು.

ಮೊಸರನ್ನದಲ್ಲಿ ಎಡವುವುದು ಇನ್ನೊಂದು ಕಡೆ. ಬಿಸಿ ಅನ್ನಕ್ಕೆ ಹಾಲು ಸುರಿದು ಒಂದು ಚಮಚ ಹೆಪ್ಪು ಹಾಕಿದರೆ ಉಣ್ಣುವ ಹೊತ್ತಿಗೆ ಹುಳಿ ಹದಕ್ಕೆ ಬರುತ್ತದೆ ಎಂಬುದು ಹಳೆಯ ಉಪಾಯ. ಹುಳಿ ಏರುವ ಆ ಕೆಲವು ಗಂಟೆ ಡಬ್ಬಿ ಬೆಚ್ಚಗೇ ಇರುತ್ತದೆ, ಬೇಡದ ಬ್ಯಾಕ್ಟೀರಿಯಾಕ್ಕೂ ಅದೇ ಅನುಕೂಲ. ಬದಲಿಗೆ ಹಿಂದಿನ ರಾತ್ರಿ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ತಣಿಸಿ, ಗಟ್ಟಿ ಮೊಸರು ಕಲಸಿ ಫ್ರಿಜ್‌ನಲ್ಲಿಡಿ. ಅರ್ಧ ಲೀಟರಿನ ಎರಡು ಬಾಟಲಿಗಳಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ. ಬೆಳಿಗ್ಗೆ ಶಾಖ ತಡೆಯುವ ಚೀಲದಲ್ಲಿ ಅವುಗಳ ನಡುವೆ ಸ್ಟೀಲ್ ಡಬ್ಬಿ ಇಡಿ. ಊಟದ ಹೊತ್ತಿಗೆ ಬಾಟಲಿಯಲ್ಲಿ ಮಂಜುಗಡ್ಡೆ ಉಳಿದು ಡಬ್ಬಿ ತಣ್ಣಗಿದ್ದರೆ ಉಣ್ಣಿ. ಎಲ್ಲಾ ಕರಗಿ ಡಬ್ಬಿ ಬೆಚ್ಚಗಾಗಿದ್ದರೆ, ವಾಸನೆ ಚೆನ್ನಾಗಿದ್ದರೂ ಬೇಡ.

ಇಷ್ಟೆಲ್ಲ ರಗಳೆ ಯಾಕೆ ಎನಿಸಿದರೆ ನಿಮ್ಮ ತವರಿನದೇ ಉತ್ತರವಿದೆ: ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ತುಪ್ಪ. ನೀರಿನಂಶವಿಲ್ಲದ್ದು ಬೇಗ ಕೆಡುವುದಿಲ್ಲ. ಚಪಾತಿ ಒಯ್ಯುವುದಾದರೆ ಪೂರ್ತಿ ತಣಿದ ಮೇಲೆ ಕಟ್ಟಿ; ಬಿಸಿಯಲ್ಲೇ ಮುಚ್ಚಿದರೆ ಹಬೆ ನೀರಾಗಿ ಅಂಟಂಟಾಗುತ್ತದೆ. ಕಾಯಿಚಟ್ನಿ, ಎಣ್ಣೆಗಾಯಿ ಬುತ್ತಿಗೆ ಬೇಡ. ಜೊತೆಗೆ ಬಾಳೆಹಣ್ಣು, ಕಿತ್ತಳೆ, ಹುರಿಗಡಲೆ, ಚಿಕ್ಕಿ.

ಪ್ರಶ್ನೆ: ಬುತ್ತಿ ಕಟ್ಟಲು ಆಗದಿದ್ದರೆ ದಾರಿಯ ಹೋಟೆಲಿನಲ್ಲಿ ಏನು ತಿನ್ನಲಿ?

ಉತ್ತರ: ಮನೆಯದು ಎಂದರೆ ಸುರಕ್ಷಿತ, ಹೋಟೆಲಿನದು ಎಂದರೆ ಅಪಾಯ ಎಂಬ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ಎಂಟು ಗಂಟೆ ಹಿಂದಿನ ಮನೆಯ ಅನ್ನಕ್ಕಿಂತ ಕಣ್ಣೆದುರು ಹಬೆಯಿಂದ ಇಳಿಸಿದ ಇಡ್ಲಿ, ಕಾವಲಿಯಿಂದ ಎತ್ತಿದ ದೋಸೆ ಮೇಲು. ಸಾಂಬಾರು ಕುದಿಬಿಸಿ ಇದ್ದರೆ ಮಾತ್ರ. ಬೆಳಗಿನಿಂದ ಹೊರಗಿಟ್ಟ ತೆಂಗಿನಕಾಯಿ ಚಟ್ನಿಯನ್ನು ಪಕ್ಕಕ್ಕೆ ಸರಿಸಿ. ಮೊಟ್ಟೆಯ ಹಳದಿ ಪೂರ್ತಿ ಗಟ್ಟಿಯಾಗಿರಲಿ. ಕತ್ತರಿಸಿಟ್ಟ ಹಣ್ಣು, ಹಸಿ ಮೊಳಕೆಕಾಳಿನ ಕೋಸಂಬರಿ, ಐಸ್ ಹಾಕಿದ ಕಬ್ಬಿನಹಾಲು, ಪಾನಿಪೂರಿ ಬೇಡ. ಮಜ್ಜಿಗೆಯಾದರೆ ಪಾಶ್ಚರೀಕರಿಸಿದ ಹಾಲಿನ, ತಣ್ಣಗಿಟ್ಟ ಪೊಟ್ಟಣವೇ ಇರಲಿ. ಹಸಿ ಹಾಲಿನಲ್ಲಿರಬಹುದಾದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ತಾಯಿಗೆ ಬರೀ ಜ್ವರವೆನಿಸಿದರೂ ಗರ್ಭಪಾತಕ್ಕೆ ಕಾರಣವಾಗಬಹುದು.

ನೀರಿನಲ್ಲಿ ಮಾತ್ರ ರಾಜಿ ಬೇಡ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಇ ಕಾಮಾಲೆ ಉಳಿದವರಿಗೆ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಕೊನೆಯ ಮೂರು ತಿಂಗಳಲ್ಲಿರುವ ಬಸುರಿಗೆ ಪ್ರಾಣಕ್ಕೇ ಎರವಾಗಬಹುದು. ಕುದಿಸಿದ ನೀರು ಒಯ್ಯಿರಿ. ಬಾಟಲಿ ಕೊಂಡರೆ ಸೀಲು ನೋಡಿ, ಐಎಸ್‌ಐ ಗುರುತಿನ ಜೊತೆ ಬಾಟಲಿ ನೀರಿನ ಗುಣಮಟ್ಟದ ಸಂಖ್ಯೆ ಐಎಸ್ 14543 ಎಂದಿದೆಯೇ ಓದಿ.

ಪ್ರಶ್ನೆ: ಪುಳಿಯೋಗರೆಯಲ್ಲಿ ಎಳ್ಳಿದೆ, ಉಷ್ಣವಾಗುತ್ತದೆ ಎನ್ನುತ್ತಾರೆ. ಪಪಾಯವೂ ಬೇಡವಂತೆ?

ಉತ್ತರ: ಅಡುಗೆಯಲ್ಲಿ ಬೀಳುವಷ್ಟು ಎಳ್ಳಿನಿಂದ ತೊಂದರೆಯಿಲ್ಲ. ಪಪಾಯಿ ಪೂರ್ತಿ ಹಣ್ಣಾಗಿದ್ದರೆ ಸರಿ, ಹಾಲು ಸೋರುವ ಕಾಯಿ, ದೋರೆಗಾಯಿ ಬೇಡ.

ಪ್ರಶ್ನೆ: ಐದನೇ ತಿಂಗಳು. ಮಂಗಳೂರಿಗೆ ಬಸ್ಸಿನಲ್ಲಿ ಹೋಗಬೇಕು. ಶಿರಾಡಿ ಘಾಟಿಯಲ್ಲಿ ವಾಂತಿ ಖಚಿತ. ಹೊಟ್ಟೆ ಖಾಲಿ ಇಟ್ಟುಕೊಳ್ಳಲೇ? ಕಾಫಿ ಕುಡಿಯಬಹುದೇ?

ಉತ್ತರ: ಖಾಲಿ ಹೊಟ್ಟೆಯಲ್ಲಿ ಓಕರಿಕೆ ಇನ್ನೂ ಹೆಚ್ಚು. ಘಾಟಿಗೆ ಒಂದು ಗಂಟೆ ಮೊದಲು ಎರಡು ಇಡ್ಲಿ ಸಾಕು. ವಡೆ, ಬೋಂಡ ಬೇಡ. ಇಳಿಯುವಾಗ ಒಣ ಮಂಡಕ್ಕಿ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕಿಕೊಳ್ಳಿ, ನೀರು ಗುಟುಕು ಗುಟುಕಾಗಿರಲಿ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಕಾಫಿ ಎರಡು ಸಣ್ಣ ಲೋಟಕ್ಕೆ ನಿಲ್ಲಲಿ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದು. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಪ್ರಯಾಣದ ದಿನ ಕಬ್ಬಿಣದ ಮಾತ್ರೆಯನ್ನು ರಾತ್ರಿ ಊಟದ ನಂತರಕ್ಕೆ ಸರಿಸಿದರೆ ಹೊಟ್ಟೆ ತೊಳಸುವುದೂ ಕಡಿಮೆ.

ಚೀಲದಲ್ಲಿ ಓಆರ್‌ಎಸ್ ಇರಲಿ. ಪೊಟ್ಟಣ ಒಂದು ಲೀಟರಿಗೋ 200 ಮಿಲಿಲೀಟರಿಗೋ ಎಂದು ಓದಿಯೇ ಕಲಸಿ. ಅಂದಾಜಿನಲ್ಲಿ ಅರ್ಧ ಹಾಕಿದರೆ ಉಪ್ಪು, ಸಕ್ಕರೆಯ ಹದ ತಪ್ಪುತ್ತದೆ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ. ಕುಡಿದ ನೀರೂ ನಿಲ್ಲದಿದ್ದರೆ, ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ, ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಊರು ತಲುಪುವವರೆಗೆ ಕಾಯಬೇಡಿ. ಹತ್ತಿರದ ಊರಿನಲ್ಲಿ ಇಳಿದು 108ಕ್ಕೆ ಕರೆ ಮಾಡಿ. ತಾಯಿ ಕಾರ್ಡ್ ಬಸ್ಸಿನ ಡಿಕ್ಕಿಯಲ್ಲಿರದೆ ಕೈಚೀಲದಲ್ಲೇ ಇರಲಿ.