ಪುಟಗಟ್ಟಲೆ ಬರೆದರೂ ನಿಲ್ಲದ ಪದ

ಪ್ರಶ್ನೆ: ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ‘ಅಬ್‌ಸ್ಟ್ರೆಪರಸ್’ (obstreperous) ಅನ್ನುವ ಪದ ತಲೆಯಲ್ಲಿ ನಿಲ್ಲುತ್ತಲೇ ಇಲ್ಲ. ಗಲಾಟೆಗೆ ಸಂಬಂಧಪಟ್ಟಿದ್ದು ಅಂತ ಗೊತ್ತು, ಆದರೆ ‘ವೊಸಿಫರಸ್’ (vociferous) ಜೊತೆ ಕಲಸಿಹೋಗುತ್ತದೆ. ಪುಟಗಟ್ಟಲೆ ಬರೆದಿದ್ದೂ ಆಯ್ತು. ಏನು ಮಾಡಲಿ?

ಉತ್ತರ: ಮೊದಲು ಆ ಬರೆಯುವುದನ್ನು ನಿಲ್ಲಿಸಿ. ಮೇಲಿನ ಸಾಲು ನೋಡಿಕೊಂಡು ಕೆಳಗಿನ ಸಾಲು ಬರೆಯುವಾಗ ದುಡಿಯುವುದು ಕೈ ಮಾತ್ರ, ನೆನಪಿಗೆ ಕೆಲಸವೇ ಇರುವುದಿಲ್ಲ.

ಪದವನ್ನು ಒಡೆದು ನೋಡಿ. ಲ್ಯಾಟಿನ್‌ನಲ್ಲಿ ‘ಒಬ್’ ಅಂದರೆ ಎದುರಾಗಿ, ‘ಸ್ಟ್ರೆಪೆರೆ’ ಅಂದರೆ ಸದ್ದು ಮಾಡುವುದು. ‘ಅಬ್‌ಸ್ಟ್ರಕ್ಟ್’ (obstruct, ಅಡ್ಡಿ ಮಾಡು) ಪದದಲ್ಲಿರುವುದೂ ಇದೇ ‘ಒಬ್’. ಅಂದರೆ ಇದು ಬರೀ ಜೋರು ಸದ್ದಲ್ಲ, ಹೇಳಿದ್ದಕ್ಕೆ ಎದುರು ನಿಂತ ಸದ್ದು. ಗುಡುಗಿಗೆ ಈ ಪದ ಹೊಂದುವುದಿಲ್ಲ. ಸುಮ್ನಿರು ಅಂದಷ್ಟೂ ಜಾಸ್ತಿ ಕಿರುಚುವ ಮಗುವಿಗೆ, ಹೊರಗೆ ಹೋಗಪ್ಪಾ ಅಂದರೂ ಮೇಜು ಬಡಿಯುತ್ತಾ ಕೂಗಾಡುವ ಕುಡುಕನಿಗೆ ಸರಿಯಾಗಿ ಹೊಂದುತ್ತದೆ. ‘ಗದ್ದಲದ’ ಅಂತ ಬರೆದುಕೊಂಡರೆ ಅರ್ಧ ಅರ್ಥ ಬಿಟ್ಟುಹೋಗುತ್ತದೆ. ‘ರಂಪ ಮಾಡುವ’ ಅಂತ ಬರೆದುಕೊಳ್ಳಿ, ಅದರಲ್ಲಿ ಸದ್ದೂ ಇದೆ, ಹಟವೂ ಇದೆ. ವೊಸಿಫರಸ್ ಬೇರೆ. ಅದು ತಮ್ಮ ಅಭಿಪ್ರಾಯವನ್ನು ಗಟ್ಟಿ ದನಿಯಲ್ಲಿ, ಪಟ್ಟುಬಿಡದೆ ಹೇಳುವವರಿಗೆ. ಅವರು ಒಂದು ನಿಯಮವನ್ನೂ ಮುರಿಯದೆ ಹಾಗೆ ಹೇಳಬಹುದು, ಅಲ್ವಾ?

ಇನ್ನು ನೆನಪಿಗೆ ಒಂದು ಕೊಕ್ಕೆ ಬೇಕು. ‘ಪರಸ್’ ಅಂದಾಗ ಪರ್ಸ್ ನೆನಪಾಗುತ್ತದೆ. ಅಪ್ಪನ ಪರ್ಸ್ ಕಿತ್ತುಕೊಂಡು, ವಾಪಸ್ ಕೊಡು ಅಂದರೆ ನೆಲಕ್ಕೆ ಬಿದ್ದು ಹೊರಳಾಡಿ ರಂಪ ಮಾಡುವ ಮಗುವನ್ನು ಕಣ್ಣಮುಂದೆ ತಂದುಕೊಳ್ಳಿ. ನಗು ಬಂತಾ? ಬರಲಿ, ಪೆದ್ದುಪೆದ್ದಾದ ಚಿತ್ರವೇ ಗಟ್ಟಿಯಾಗಿ ಉಳಿಯುವುದು. ಮನಶ್ಶಾಸ್ತ್ರಜ್ಞ ರಿಚರ್ಡ್ ಅಟ್ಕಿನ್ಸನ್ ಮತ್ತು ಸಹೋದ್ಯೋಗಿ 1975ರಲ್ಲಿ ರಷ್ಯನ್ ಪದಗಳನ್ನು ಇದೇ ಉಪಾಯದಲ್ಲಿ ಕಲಿಸಿ ನೋಡಿದ್ದರು, ಫಲ ಚೆನ್ನಾಗಿಯೇ ಬಂದಿತ್ತು.

ಆಮೇಲೆ ಪುಸ್ತಕ ಮುಚ್ಚಿ, ಅರ್ಥವನ್ನು ನೀವೇ ನೆನಪು ಮಾಡಿಕೊಳ್ಳಿ. ಸಂಜೆ ಒಮ್ಮೆ, ನಾಳೆ ಒಮ್ಮೆ, ಮೂರು ದಿನ ಬಿಟ್ಟು ಇನ್ನೊಮ್ಮೆ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಜಾರಿಹೋಗುತ್ತದೆ ಎಂದು ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ, ಅದಕ್ಕೇ ಮೊದಲ ಸುತ್ತು ಆದಷ್ಟು ಬೇಗ ಆಗಲಿ.

ಕೊನೆಗೆ ನಿಮಗೆ ಗೊತ್ತಿರುವ ಒಬ್ಬ ರಂಪದ ಆಸಾಮಿಯ ಮೇಲೆ ಈ ಪದ ಹಾಕಿ ಒಂದು ವಾಕ್ಯ ಬರೆಯಿರಿ. ಅದು ಯಾರು ಅಂತ ನಮಗೆ ತಿಳಿಸುವುದು ಬೇಡ.